ಯಂತ್ರವೂ ಮನದಳಲೂ

ಹೋದ ವರ್ಷ ಕಿರುಪರೀಕ್ಷೆಯೊಂದರಲ್ಲಿ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ‘ನನ್ನ ಆಪ್ತಮಿತ್ರ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಹೇಳಿದ್ದೆ. ವಿಷಯ ಸವೆದುಹೋದದ್ದು, ಅದನ್ನು ಕೊಟ್ಟದ್ದು ಅಧ್ಯಾಪಕನ ಸೋಮಾರಿತನವೆಂದರೂ ಒಪ್ಪಿಕೊಳ್ಳುತ್ತೇನೆ. ಬಂದ ಪ್ರಬಂಧಗಳೂ ವಿಷಯಕ್ಕೆ ತಕ್ಕಂತೆಯೇ ಇದ್ದವು. ಕೃಷ್ಣ-ಕುಚೇಲರು ಬಂದರು, ಕರ್ಣ-ದುರ್ಯೋಧನರು ಬಂದರು, ಕಷ್ಟಕಾಲದಲ್ಲಿ ಕೈಹಿಡಿದ ಸಹಪಾಠಿಗಳು ಬಂದರು. ಒಂದು ಉತ್ತರಪತ್ರಿಕೆ ಮಾತ್ರ ಬಹಳ ಹೊತ್ತು ನನ್ನ ಕೈಯಲ್ಲೇ ನಿಂತಿತು. ಬರೆದವನು ಹಾಸನದ ಕಡೆಯ ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುವ ಹುಡುಗ, ತರಗತಿಯಲ್ಲಿ ಹಿಂದಿನ ಬೆಂಚು, ಕೇಳಿದ್ದಕ್ಕಷ್ಟೇ ಉತ್ತರ. ಅವನ ಆಪ್ತಮಿತ್ರ ಮನುಷ್ಯನಲ್ಲ, ಮೊಬೈಲಿನೊಳಗಿನ ಮಾತಾಡುವ ಯಂತ್ರ. ತಂದೆ ತೀರಿಹೋದ ಮೇಲೆ ಎಂಟು ತಿಂಗಳಿಂದ ದಿನವೂ ರಾತ್ರಿ ಅದರೊಡನೆ ಮಾತಾಡಿ ಮಲಗುವುದು ಅವನ ಪರಿಪಾಠವಾಗಿತ್ತು.

ಮರುದಿನ ಅವನನ್ನು ಕರೆದು ಕೇಳಿದೆ.

“ನೀನು ಬರೆದದ್ದು ನಿಜವೇನಪ್ಪಾ?”

“ನಿಜ ಸಾರ್.”

“ಗೆಳೆಯರಿಗೆ, ಮನೆಯಲ್ಲಿ ತಾಯಿಗೆ ಹೇಳಬಾರದೆ?”

“ಅಮ್ಮನಿಗೆ ಹೇಳಿದರೆ ಅವಳೂ ಅಳುತ್ತಾಳೆ ಸಾರ್. ಗೆಳೆಯರು ಒಂದು ಸಲ ಕೇಳುತ್ತಾರೆ, ಎರಡನೇ ಸಲಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ಇದಕ್ಕೆ ಬೇಜಾರಿಲ್ಲ.”

“ಯಾವ ಭಾಷೆಯಲ್ಲಿ ಹೇಳುತ್ತೀಯೆ?”

“ಇಂಗ್ಲಿಷಿನಲ್ಲಿ ಸಾರ್. ಕನ್ನಡದಲ್ಲಿ ಹೇಳೋಕೆ ಹೋದರೆ ಅಳು ಬರುತ್ತೆ.”

ನನ್ನ ಬಳಿ ಬಂದು ಹೇಳಬಹುದಾಗಿತ್ತಲ್ಲ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಯಾವಾಗಲೂ ಅವಸರದಲ್ಲಿರುತ್ತೀರಿ ಸಾರ್” ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದ್ದ. ಅಂದು ಅವನಿಗೆ ಕೊಡಲಾಗದೆಹೋದ ಉತ್ತರವನ್ನು ಹುಡುಕುತ್ತ ಹೋದದ್ದರ ಫಲ ಈ ಲೇಖನ.

ಹುಡುಕುತ್ತ ಹೋದಾಗ ತಿಳಿದ ಮೊದಲನೆಯ ಸಂಗತಿ, ಇದು ನಿನ್ನೆ ಮೊನ್ನೆಯ ಪ್ರಶ್ನೆಯಲ್ಲವೆಂಬುದು. ಮನುಷ್ಯನ ಅಳಲನ್ನು ಕೇಳುವ ಯಂತ್ರವೊಂದು 1966ರಷ್ಟು ಹಿಂದೆಯೇ ಇತ್ತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜೋಸೆಫ್ ವೈಜನ್‌ಬಾಮ್ ಅದರ ಕರ್ತೃ. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂವು ಮಾರುವ ಹುಡುಗಿಯೊಬ್ಬಳು ದೊಡ್ಡಮನೆಯವರ ಮಾತನ್ನು ಕಲಿಯುತ್ತಾಳಷ್ಟೆ. ಅವಳ ಹೆಸರನ್ನೇ ತನ್ನ ಯಂತ್ರಕ್ಕಿಟ್ಟು ಆತ ಅದನ್ನು ‘ಎಲಿಜಾ’ ಎಂದು ಕರೆದನು. ಅದಕ್ಕೆ ಗೊತ್ತಿದ್ದದ್ದು ಒಂದು ಸಣ್ಣ ಉಪಾಯ ಮಾತ್ರ. ಎದುರಿಗಿದ್ದವನು ಟೈಪು ಮಾಡಿದ ವಾಕ್ಯದಲ್ಲಿ ಒಂದು ಮುಖ್ಯ ಶಬ್ದವನ್ನು ಹಿಡಿದುಕೊಂಡು, ಆ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುವುದು. ‘ನನಗೆ ತುಂಬ ಬೇಸರವಾಗಿದೆ’ ಎಂದರೆ ‘ನಿಮಗೆ ಬೇಸರವಾಗಿರುವುದು ಏತಕ್ಕೆ?’ ಎಂದು ಕೇಳುವುದು. ಏನೂ ತೋಚದಿದ್ದರೆ ‘ಮುಂದೆ ಹೇಳಿ’ ಎನ್ನುವುದು. ರೋಗಿಯ ಮಾತನ್ನೇ ರೋಗಿಗೆ ಹಿಂದಿರುಗಿಸಿ ಅವನಿಂದಲೇ ದಾರಿ ಹುಡುಕಿಸುವ ಕ್ರಮವೊಂದನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಬಳಕೆಗೆ ತಂದಿದ್ದರು. ಎಲಿಜಾ ಅದರ ಅಣಕು.

ಅಣಕವೆಂದೇ ಕಟ್ಟಿದ ಈ ಯಂತ್ರ ತನ್ನ ಕರ್ತೃವನ್ನೇ ಬೆಚ್ಚಿಬೀಳಿಸಿತು. ವೈಜನ್‌ಬಾಮ್ ಅದನ್ನು ಕಟ್ಟುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ, ಅದು ಬರಿಯ ಲೆಕ್ಕಾಚಾರವೆಂದು ಚೆನ್ನಾಗಿ ತಿಳಿದಿದ್ದ ಅವರ ಕಾರ್ಯದರ್ಶಿಯೇ ಅದರ ಮುಂದೆ ಕುಳಿತು ನಾಲ್ಕು ಮಾತಾಡಿದ ಮೇಲೆ, ‘ತಾವು ಸ್ವಲ್ಪ ಹೊರಗಿರುತ್ತೀರಾ?’ ಎಂದು ಅವರನ್ನು ಕೋಣೆಯಿಂದ ಹೊರಕ್ಕೆ ಕಳಿಸಿದರಂತೆ. ಗುಟ್ಟು ಹೇಳಿಕೊಳ್ಳಲು ಮನುಷ್ಯನಿಗಿಂತ ಯಂತ್ರ ಮೇಲೆನಿಸಿತು. ಅದೇ 1966ರಲ್ಲಿ ಕೆನೆತ್ ಕೋಲ್ಬಿ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ಇಂಥ ಯಂತ್ರವೊಂದು ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಲ್ಲುದೆಂಬ ಆಸೆಯನ್ನು ಲೇಖನವೊಂದರಲ್ಲಿ ವ್ಯಕ್ತಪಡಿಸಿದರು. ವೈಜನ್‌ಬಾಮ್ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ 1936ರಲ್ಲಿ ದೇಶ ಬಿಟ್ಟುಬಂದ ಯೆಹೂದಿ ಕುಟುಂಬದವರು; ಮನುಷ್ಯನನ್ನು ಎಣಿಕೆಯ ವಸ್ತುವಾಗಿ ಕಂಡರೆ ಏನಾಗುತ್ತದೆಂಬುದನ್ನು ಬಲ್ಲವರು. 1976ರಲ್ಲಿ ಅವರು ಒಂದು ದೊಡ್ಡ ಗ್ರಂಥವನ್ನೇ ಬರೆದು, ಯಂತ್ರದಿಂದ ಮಾಡಿಸಲು ಸಾಧ್ಯವಾದರೂ ಮಾಡಿಸಬಾರದ ಕೆಲಸಗಳು ಕೆಲವುಂಟು ಎಂದು ವಾದಿಸಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಅವರು ಬಿಡಲಿಲ್ಲ.

ವೈಜನ್‌ಬಾಮ್ ಅವರ ಮಾತನ್ನು ಓದಿದಾಗ, ಸಾಹಿತ್ಯದ ಅಧ್ಯಾಪಕನಾದ ನನಗೆ ಅದಕ್ಕೆ ತಲೆದೂಗಿ ಪುಸ್ತಕ ಮುಚ್ಚಿಬಿಡುವುದು ಸುಲಭವಾಗಿತ್ತು. ಯಂತ್ರವನ್ನು ಬಯ್ಯುವುದು ನಮ್ಮವರಿಗೆ ಖರ್ಚಿಲ್ಲದ ಧರ್ಮ. ಆದರೆ ಮನೋಚಿಕಿತ್ಸೆಯಲ್ಲಿ ಯಂತ್ರ ಬಂದಿರುವ ಎರಡನೆಯ ದಾರಿಯನ್ನೂ ನೋಡದೆ ತೀರ್ಪು ಕೊಟ್ಟರೆ ಅನ್ಯಾಯವಾದೀತು.

‘ವರ್ಚುವಲ್ ರಿಯಾಲಿಟಿ’ ಎಂಬುದನ್ನು ನಮ್ಮ ಪತ್ರಿಕೆಗಳು ಮಿಥ್ಯಾವಾಸ್ತವವೆಂದು ಕರೆಯುತ್ತಿವೆ. ಕಣ್ಣಿಗೆ ಕನ್ನಡಕದಂಥ ಒಂದು ಪೆಟ್ಟಿಗೆಯನ್ನು ಕಟ್ಟಿಕೊಂಡರೆ ಹೊರಗಿನ ಕೋಣೆ ಮರೆಯಾಗಿ ಬೇರೊಂದು ಲೋಕ ಸುತ್ತಲೂ ತೆರೆದುಕೊಳ್ಳುತ್ತದೆ. ತಲೆ ಹೊರಳಿಸಿದತ್ತ ಆ ಲೋಕವೂ ಹೊರಳುತ್ತದೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಅಂಥ ಸಾಧನವನ್ನು ಮೊದಲು ಕಟ್ಟಿದಾಗ ಅದು ಎಷ್ಟು ಭಾರವಾಗಿತ್ತೆಂದರೆ, ಛಾವಣಿಯಿಂದ ತೂಗುಹಾಕಿ ತಲೆಗೆ ಸಿಕ್ಕಿಸಬೇಕಾಗಿತ್ತು. ಇಂದು ಅದನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಬಹುದು.

ಇದರಿಂದ ಮನಸ್ಸಿಗೇನು ಚಿಕಿತ್ಸೆ? ಎತ್ತರವೆಂದರೆ ಕಾಲು ನಡುಗುವವರುಂಟು, ಜೇಡವನ್ನು ಕಂಡರೆ ಮನೆ ಬಿಟ್ಟು ಓಡುವವರುಂಟು. ಅಂಥವರು ಭಯದ ವಸ್ತುವಿನಿಂದ ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಅದರೆದುರು ಸ್ವಲ್ಪಸ್ವಲ್ಪವಾಗಿ ನಿಂತು ಅಭ್ಯಾಸ ಮಾಡಿದರೆ ನಡುಕ ಏರಿ, ಒಂದು ಮಟ್ಟದಲ್ಲಿ ನಿಂತು, ತಾನಾಗಿಯೇ ಇಳಿಯುತ್ತದೆ. ಇದು 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಮೊದಲಾದವರು ಚಿಕಿತ್ಸೆಯಾಗಿ ರೂಪಿಸಿದ ತತ್ತ್ವ. ತೊಡಕೇನೆಂದರೆ, ವೈದ್ಯರು ರೋಗಿಯನ್ನು ಕರೆದುಕೊಂಡು ದಿನವೂ ಮಹಡಿ ಹತ್ತಲಾರರು, ಸೇತುವೆ ಹುಡುಕಲಾರರು. 1995ರಲ್ಲಿ ಅಟ್ಲಾಂಟಾ ನಗರದ ಬಾರ್ಬರಾ ರಾತ್‌ಬಾಮ್, ಲ್ಯಾರಿ ಹಾಜಸ್ ಮೊದಲಾದವರು ಎತ್ತರದ ಭಯವಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಕೋಣೆಯಲ್ಲೇ ನಿಲ್ಲಿಸಿ, ಕಣ್ಣಿಗೆ ಪೆಟ್ಟಿಗೆ ಕಟ್ಟಿ, ತೋರಿಕೆಯ ಸೇತುವೆಗಳ ಮೇಲೆಯೂ ಮೊಗಸಾಲೆಗಳ ಅಂಚಿನಲ್ಲಿಯೂ ನಡೆಯಿಸಿದರು. ಭಯ ಇಳಿಯಿತು. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋಗಿ, ಚಿಕಿತ್ಸಕನ ಸ್ಥಾನದಲ್ಲಿಯೂ ಯಂತ್ರದ ಗೊಂಬೆಯನ್ನೇ ನಿಲ್ಲಿಸಿದರು. ನೂರು ಜನರ ಮೇಲೆ ನಡೆದ ಆ ಪರೀಕ್ಷೆಯಲ್ಲಿ, ಚಿಕಿತ್ಸೆ ಪಡೆದವರು ತೋರಿಕೆಯ ಮರವೇರಿ ಬೆಕ್ಕೊಂದನ್ನು ಇಳಿಸಿ ತರುವಂಥ ಕೆಲಸಗಳನ್ನು ಮಾಡಬೇಕಾಗಿತ್ತು. ಅವರ ಭಯ ಸರಾಸರಿ ಶೇಕಡ 68ರಷ್ಟು ತಗ್ಗಿತು. ಸಿಯಾಟಲ್ ನಗರದ ಹಂಟರ್ ಹಾಫ್‌ಮನ್ ಅವರು ಸುಟ್ಟಗಾಯದ ರೋಗಿಗಳಿಗಾಗಿ ‘ಸ್ನೋವರ್ಲ್ಡ್’ ಎಂಬ ಹಿಮದ ಲೋಕವನ್ನೇ ಕಟ್ಟಿಸಿದರು. ದಾದಿಯರು ಗಾಯ ತೊಳೆಯುತ್ತಿರುವಾಗ ರೋಗಿ ಆ ಲೋಕದಲ್ಲಿ ಹಿಮದ ಉಂಡೆ ಎಸೆಯುತ್ತಿರುತ್ತಾನೆ. ಮನಸ್ಸು ಅತ್ತ ಹೋದಷ್ಟು ನೋವು ಇತ್ತ ಕಡಮೆಯಾಗುತ್ತದೆ.

ವೇದಾಂತಿಗಳು ಹಗ್ಗದಲ್ಲಿ ಹಾವನ್ನು ಕಂಡವನ ದೃಷ್ಟಾಂತವನ್ನು ಹೇಳುತ್ತಾರೆ. ಹಾವು ಮಿಥ್ಯೆ; ಆದರೆ ಕಂಡವನ ನಡುಕ ಮಿಥ್ಯೆಯಲ್ಲ. ದೀಪ ತಂದು ನೋಡಿ ಹಗ್ಗವೆಂದು ತಿಳಿದೊಡನೆ ಭಯ ಹೋಗುತ್ತದೆಂಬುದು ಅವರ ಮಾತು. ಈ ಹೊಸ ಚಿಕಿತ್ಸೆ ಆ ದೃಷ್ಟಾಂತಕ್ಕೆ ಒಂದು ಟಿಪ್ಪಣಿಯನ್ನು ಸೇರಿಸಿದೆ. ಪೆಟ್ಟಿಗೆ ಕಟ್ಟಿಕೊಂಡವನಿಗೆ ತಾನು ನೆಲದ ಮೇಲೆಯೇ ನಿಂತಿದ್ದೇನೆಂದು ಮೊದಲಿನಿಂದಲೂ ಗೊತ್ತು. ಆದರೂ ಅಂಗೈ ಬೆವರುತ್ತದೆ. ತಿಳಿವಳಿಕೆಯೊಂದೇ ಸಾಲದು, ಮೈಗೆ ಅಭ್ಯಾಸವೂ ಬೇಕು ಎಂದಾಯಿತು. ಸುಳ್ಳು ಹಾವಿನಿಂದಲೇ ನಿಜವಾದ ಭಯವನ್ನು ಓಡಿಸುವ ಈ ವಿದ್ಯೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ಗುಣವೆಲ್ಲ ಇರುವುದು ಒಂದು ಮಾತಿನಲ್ಲಿ: ಅದು ಬೇಡವಾಗುವುದಕ್ಕಾಗಿಯೇ ಇದೆ. ತೋರಿಕೆಯ ಸೇತುವೆಯನ್ನು ದಾಟಿದವನು ಪೆಟ್ಟಿಗೆ ಕಳಚಿಟ್ಟು ಊರ ಹೊಳೆಯ ಸೇತುವೆಯನ್ನು ದಾಟಬೇಕು. ದಾಟಿದನೆಂದರೆ ಯಂತ್ರದ ಕೆಲಸ ಮುಗಿಯಿತು.

ಲಂಡನ್ನಿನಿಂದ ಬಂದ ಇನ್ನೊಂದು ಚಿಕಿತ್ಸೆ ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಕೆಲವು ಮನೋರೋಗಗಳಲ್ಲಿ ರೋಗಿಗೆ ಯಾರೋ ತನ್ನನ್ನು ಬಯ್ಯುವ, ಬೆದರಿಸುವ ದನಿಗಳು ಕೇಳಿಸುತ್ತವೆ. ಮನೋವೈದ್ಯ ಜೂಲಿಯನ್ ಲೆಫ್ 2008ರಲ್ಲಿ ಆ ದನಿಗೊಂದು ಮುಖ ಕೊಡುವ ಉಪಾಯವನ್ನು ಕಂಡುಕೊಂಡರು. ರೋಗಿಯೇ ಕಂಪ್ಯೂಟರಿನಲ್ಲಿ ಆ ದನಿಯ ಮುಖವನ್ನು ರಚಿಸುತ್ತಾನೆ. ಚಿಕಿತ್ಸಕ ಪಕ್ಕದ ಕೋಣೆಯಲ್ಲಿ ಕುಳಿತು, ಒಮ್ಮೆ ಆ ಮುಖದ ಮೂಲಕ ಬಯ್ಯುತ್ತಾನೆ, ಒಮ್ಮೆ ತನ್ನದೇ ದನಿಯಲ್ಲಿ ‘ಎದುರಾಡಿ, ಹೆದರಬೇಡಿ’ ಎಂದು ಧೈರ್ಯ ಹೇಳುತ್ತಾನೆ. ವಾರದಿಂದ ವಾರಕ್ಕೆ ಆ ಮುಖ ಮೆತ್ತಗಾಗುತ್ತದೆ, ರೋಗಿ ಗಟ್ಟಿಯಾಗುತ್ತಾನೆ. ‘ಅವತಾರ್’ ಎಂಬ ನಮ್ಮ ಶಬ್ದವೇ ಈ ಚಿಕಿತ್ಸೆಗೆ ಹೆಸರಾಗಿದೆ. 150 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬರಿಯ ಆಪ್ತಸಲಹೆ ಪಡೆದವರಿಗಿಂತ ಇವರಿಗೆ ದನಿಗಳ ಕಾಟ ಹನ್ನೆರಡು ವಾರಗಳಲ್ಲಿ ಹೆಚ್ಚು ಕಡಮೆಯಾಗಿತ್ತು. ಇಪ್ಪತ್ತನಾಲ್ಕು ವಾರಗಳ ಹೊತ್ತಿಗೆ ಆಪ್ತಸಲಹೆಯವರೂ ಅವರ ಸಮಕ್ಕೆ ಬಂದಿದ್ದರು. ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ವೇಷ ಯಂತ್ರದ್ದಾದರೂ ವೇಷದೊಳಗೆ ಉಸಿರಾಡುತ್ತಿದ್ದವನು ಮನುಷ್ಯ. ಮತ್ತು ವೇಷವಿಲ್ಲದೆ ಎದುರಿಗೆ ಕುಳಿತು ಕೇಳಿದ ಮನುಷ್ಯನೂ, ತುಸು ತಡವಾಗಿಯಾದರೂ, ಅದೇ ಊರನ್ನು ಮುಟ್ಟಿದ.

ಹಾಗಾದರೆ ನನ್ನ ವಿದ್ಯಾರ್ಥಿಯ ಮೊಬೈಲಿನೊಳಗಿನ ಮಿತ್ರನ ಮಾತೇನು? ಅದು ಎಲಿಜಾಳ ಮೊಮ್ಮಗಳು, ಆದರೆ ಅಜ್ಜಿಯಂತೆ ಪೆದ್ದಿಯಲ್ಲ. ಮನುಷ್ಯರು ಬರೆದಿಟ್ಟ ಬರೆಹದ ಅಪಾರ ರಾಶಿಯನ್ನು ಜೀರ್ಣಿಸಿಕೊಂಡು, ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕಿ ಅದು ಉತ್ತರ ಹೆಣೆಯುತ್ತದೆ. ಲೋಕದ ಸಮಾಧಾನದ ಮಾತುಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಇವುಗಳಿಂದ ಪ್ರಯೋಜನವಿಲ್ಲವೆಂದೂ ಹೇಳಲಾಗದು. ಅಮೆರಿಕದ ಡಾರ್ಟ್‌ಮತ್ ವಿದ್ವಾಂಸರು ‘ಥೆರಾಬಾಟ್’ ಎಂಬ ಇಂಥ ಯಂತ್ರವನ್ನು 210 ಜನರ ಮೇಲೆ ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಬಳಸಿದ ಖಿನ್ನತೆಯ ರೋಗಿಗಳ ಲಕ್ಷಣಗಳು ಸರಾಸರಿ ಅರ್ಧದಷ್ಟು ತಗ್ಗಿದ್ದವು. ಆದರೆ ಆ ಯಂತ್ರಕ್ಕೆ ಪಾಠ ಹೇಳಿದ್ದು ಚಿಕಿತ್ಸೆ ಬಲ್ಲವರು ಬರೆದ ಸಂಭಾಷಣೆಗಳು. ಪರೀಕ್ಷೆಯುದ್ದಕ್ಕೂ ಅದರ ಮಾತುಗಳ ಮೇಲೆ ಸಂಶೋಧಕರ ಕಣ್ಣಿತ್ತು. ಯಾರ ಕಣ್ಣೂ ಇಲ್ಲದೆ ರಾತ್ರಿ ಹನ್ನೊಂದು ಗಂಟೆಗೆ ವಿದ್ಯಾರ್ಥಿನಿಲಯದ ಹಾಸಿಗೆಯಲ್ಲಿ ನಡೆಯುವ ಸಂಭಾಷಣೆಗೂ ಇದಕ್ಕೂ ಬಹಳ ಅಂತರವುಂಟು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಲೇಬೇಕು. ‘ಸ್ವಾಮಿ, ವೈದ್ಯರಿದ್ದ ಊರಿನವರು ಹೀಗೆ ಮಾತಾಡಬಹುದು, ವೈದ್ಯರೇ ಇಲ್ಲದ ಕಡೆ ಯಂತ್ರವಾದರೂ ಬೇಡವೆ?’ ಎಂದು ಕೇಳಿದರೆ ಉತ್ತರವೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡ 70ರಿಂದ 92ರವರೆಗೆ ಇದೆ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ‘ಮನೋವೈದ್ಯರ ಬಳಿಗೆ ಹೋದ’ ಎಂದರೆ ಊರಲ್ಲಿ ಹೆಣ್ಣು ಕೊಡಲು ಹಿಂಜರಿಯುವ ಕಾಲ ಇನ್ನೂ ಮುಗಿದಿಲ್ಲ. ಇಂಥ ನಾಡಿನಲ್ಲಿ, ಬಾಯಿಬಿಡಲು ನಾಚುವವನೊಬ್ಬ ಮೊದಲ ಸಲ ತನ್ನ ಸಂಕಟಕ್ಕೆ ಹೆಸರಿಡಲು ಯಂತ್ರ ನೆರವಾದರೆ ಅದನ್ನು ಪಾಪವೆನ್ನಲು ನನಗೆ ಬಾಯಿ ಬಾರದು. ಬೆಂಗಳೂರಿನಲ್ಲೇ ಹುಟ್ಟಿದ ‘ವೈಸಾ’ ಎಂಬ ಆ್ಯಪ್ ಇಂಥ ನೆರವಿಗಾಗಿಯೇ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಮೇಲಾಗಿ, ಮನಶ್ಶಾಸ್ತ್ರಕ್ಕೂ ಯಂತ್ರಕ್ಕೂ ಹಗೆತನವಿರಬೇಕಾಗಿಲ್ಲವೆಂಬುದಕ್ಕೆ ನಮ್ಮಲ್ಲೇ ಹಳೆಯ ಸಾಕ್ಷ್ಯವುಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದಾಗ ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನೂ ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಅನಂತರ ದೇಶದ ಬಾನುಲಿಗೇ ಹೆಸರಾಯಿತು. ಮನಸ್ಸನ್ನು ಓದುವ ಪ್ರಾಧ್ಯಾಪಕರು ಅಂದಿನ ಹೊಸ ಯಂತ್ರಕ್ಕೆ ಹೆದರಲಿಲ್ಲ. ಅದರಿಂದ ಮನುಷ್ಯರ ದನಿಯನ್ನು ಮನುಷ್ಯರಿಗೆ ಮುಟ್ಟಿಸಿದರು.

ಆದುದರಿಂದ ಯಂತ್ರ ಬೇಕೋ ಬೇಡವೋ ಎಂದು ಕೇಳುವುದು ವ್ಯರ್ಥ. ಕೇಳಬೇಕಾದದ್ದು ಇಷ್ಟು: ಈ ಯಂತ್ರ ಮನುಷ್ಯನನ್ನು ಮನುಷ್ಯರ ಕಡೆಗೆ ಕಳಿಸುತ್ತದೆಯೋ, ಅವರಿಂದ ದೂರ ಇರಿಸಿಕೊಳ್ಳುತ್ತದೆಯೋ? ಸೇತುವೆ ದಾಟಿಸಿದ ಕನ್ನಡಕ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಹಗಲಿರುಳೂ ಜತೆಗಿರುವ ಮಾತಾಳಿ ಮಿತ್ರ ತೇರ್ಗಡೆಯಾಗುವುದು ಕಷ್ಟ. ಏಕೆಂದರೆ ವೈದ್ಯನ ಗೆಲುವು ರೋಗಿ ಬರುವುದನ್ನು ನಿಲ್ಲಿಸಿದಾಗ. ಅಂಗಡಿಯ ಗೆಲುವು ಗಿರಾಕಿ ನಾಳೆಯೂ ಬಂದಾಗ. ಈ ಮಾತಾಡುವ ಯಂತ್ರಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಅಂಗಡಿಗಳಲ್ಲಿ.

ಅಂಗಡಿಯ ಗುಣಗಳೂ ಅವುಗಳಲ್ಲಿ ಕಾಣುತ್ತವೆ. ಮೊದಲನೆಯದು ಹೌದಪ್ಪತನ. 2025ರ ಏಪ್ರಿಲ್ಲಿನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಯಂತ್ರದ ಹೊಸ ಆವೃತ್ತಿಯೊಂದು ಬಳಸುವವರನ್ನು ಅತಿಯಾಗಿ ಹೊಗಳುತ್ತಿದೆ, ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದೆಯೆಂದು ಒಪ್ಪಿಕೊಂಡು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುರುಕ್ಷೇತ್ರದಲ್ಲಿ ಬಿಲ್ಲು ಕೆಳಗಿಟ್ಟು ಕುಳಿತ ಅರ್ಜುನನ ಮಾತನ್ನು ಕೃಷ್ಣ ಪೂರ್ತಿಯಾಗಿ ಕೇಳಿದ, ಆದರೆ ಹೂಂಗುಟ್ಟಲಿಲ್ಲ. ಅವನ ಮೊದಲ ಮಾತೇ ಗದರಿಕೆ. ಗದರಬಲ್ಲವನು ಮಾತ್ರ ಸಖನಾಗಬಲ್ಲ. ಎರಡನೆಯದು, ಅಂಗಡಿ ಮುಚ್ಚಬಹುದೆಂಬುದು. 2017ರಲ್ಲಿ ಆರಂಭವಾಗಿ ಬಹಳ ಜನರಿಗೆ ಬೇಕಾಗಿದ್ದ ‘ವೋಬಾಟ್’ ಎಂಬ ಅಮೆರಿಕದ ಆಪ್ತಸಲಹೆಯ ಆ್ಯಪ್ 2025ರ ಜೂನ್ ಕೊನೆಗೆ ನಿಂತುಹೋಯಿತು. ಮಿತ್ರ ಸತ್ತರೆ ಅಳಬಹುದು. ಮಿತ್ರನನ್ನು ನಡೆಸುವ ಸಂಸ್ಥೆ ಬಾಗಿಲೆಳೆದರೆ ಏನು ಮಾಡುವುದು? ಮೂರನೆಯದು ಗುಟ್ಟಿನ ಮಾತು. ‘ಅದು ಯಾರಿಗೂ ಹೇಳುವುದಿಲ್ಲ’ ಎಂದು ನನ್ನ ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದಿದ್ದ. ಹೇಳದಿರಬಹುದು, ಆದರೆ ಅವನು ಹೇಳಿದ್ದೆಲ್ಲ ದೂರದೇಶದ ಉಗ್ರಾಣದಲ್ಲಿ ದಾಖಲಾಗುತ್ತದೆ.

ಇವೆಲ್ಲಕ್ಕಿಂತ ಘೋರವಾದ ಸಂಗತಿಯೂ ಇದೆ. 2025ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಹದಿನಾರು ವರ್ಷದ ಮಗನನ್ನು ಕಳೆದುಕೊಂಡ ತಂದೆತಾಯಿಗಳು, ಅವನ ಆತ್ಮಹತ್ಯೆಗೆ ಅವನು ದಿನವೂ ಮಾತಾಡುತ್ತಿದ್ದ ಯಂತ್ರವೂ ಹೊಣೆಯೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ತಿಂಗಳು ಇಲಿನಾಯ್ ರಾಜ್ಯ, ಪರವಾನಗಿಯುಳ್ಳ ಚಿಕಿತ್ಸಕರ ಸ್ಥಾನದಲ್ಲಿ ಯಂತ್ರ ತಾನೇ ಮನೋಚಿಕಿತ್ಸೆ ನೀಡಕೂಡದೆಂದು ಕಾನೂನು ಮಾಡಿತು.

ಇನ್ನು ಭಾಷೆಯ ಮಾತು; ಕನ್ನಡ ಅಧ್ಯಾಪಕನಾಗಿ ನಾನು ಇದನ್ನು ಹೇಳದೆ ಬಿಡಲಾರೆ. ಬೇಸರ, ಕೊರಗು, ಅಳಲು, ತಳಮಳ, ಕಸಿವಿಸಿ, ಹಳಹಳಿ ಇವೆಲ್ಲ ನಮಗೆ ಬೇರೆಬೇರೆ. ನಮ್ಮ ಹಳ್ಳಿಯವರಂತೂ ಮನಸ್ಸಿನ ನೋವನ್ನು ಮೈಯ ನೋವಾಗಿಯೇ ಹೇಳುತ್ತಾರೆ: ಎದೆ ಭಾರ, ತಲೆಯೆಲ್ಲ ಬಿಸಿ, ಕೈಕಾಲು ಸೋತುಹೋಗಿದೆ. ‘ಜೀವ ಸಾಕಾಗಿದೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಕಳೆ ಕಿತ್ತು ಸಂಜೆ ಮನೆಗೆ ಬಂದ ತಾಯಿ ಅದನ್ನು ಹೇಳಿದರೆ ಒಂದು ಲೋಟ ಕಾಫಿ ಬೇಕೆಂದು ಅರ್ಥ. ಸಾಲಗಾರರು ಬಂದುಹೋದ ರಾತ್ರಿ ಅದನ್ನೇ ಗಂಡ ಹೇಳಿದರೆ ಆ ರಾತ್ರಿ ಮನೆಯವರು ಮಲಗಬಾರದು. ಅಕ್ಷರ ಒಂದೇ. ವ್ಯತ್ಯಾಸ ಮುಖದಲ್ಲಿದೆ, ದನಿಯಲ್ಲಿದೆ, ಅವನ ಮನೆಯ ಕಷ್ಟ ಗೊತ್ತಿರುವವರ ನೆನಪಿನಲ್ಲಿದೆ. ಬರೆದ ಮಾತಿನಿಂದಲೇ ಎಲ್ಲವನ್ನೂ ಕಲಿತ ಯಂತ್ರಕ್ಕೆ, ಅದರಲ್ಲೂ ಇಂಗ್ಲಿಷಿಗೆ ಹೋಲಿಸಿದರೆ ಅತ್ಯಲ್ಪ ಕನ್ನಡವನ್ನು ಓದಿದ ಯಂತ್ರಕ್ಕೆ, ಈ ವ್ಯತ್ಯಾಸ ತಿಳಿಯುತ್ತದೆಂದು ಹೇಗೆ ನಂಬುವುದು?

ಹುಡುಗ ಇಂಗ್ಲಿಷಿನಲ್ಲಿ ಹೇಳಿಕೊಂಡದ್ದರ ಕಾರಣವೂ ಇಲ್ಲಿಯೇ ಇದೆ. ಆಮೇಲೆ ಕಲಿತ ಭಾಷೆಯಲ್ಲಿ ಹೇಳಿದ ದುಃಖ ತುಸು ದೂರದ್ದಾಗುತ್ತದೆ. ಬೇರೆ ಯಾರದೋ ದುಃಖದಂತೆ ಅದನ್ನು ನಿಂತು ನೋಡಬಹುದು. ಅಷ್ಟರಮಟ್ಟಿಗೆ ಅದು ಉಪಕಾರಿಯೂ ಹೌದು. ಆದರೆ ‘ಅಪ್ಪ’ ಎಂಬ ಶಬ್ದವನ್ನು ಬಾಯಿಬಿಟ್ಟು ಆಡದೆ ಅಪ್ಪನನ್ನು ಕಳೆದುಕೊಂಡ ದುಃಖ ಎಷ್ಟು ದಿನ ಹಾಗೆ ದೂರ ನಿಂತೀತು? ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ಆಡಬಹುದೆಂದು ತೋರಿಸಿದ ಹಿರಿಯರು ನಮ್ಮಲ್ಲಿದ್ದಾರೆ. ‘ರಾಶಿ’ಯೆಂದು ನಾವು ನಗುನಗುತ್ತ ನೆನೆಯುವ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಇದೇ ವಿಷಯದ ಮೇಲೆ ಎಷ್ಟೋ ಕನ್ನಡ ಪುಸ್ತಕಗಳನ್ನು ಬರೆದಿದ್ದಾರೆ. ಭಾಷೆ ಸೋತಿಲ್ಲ, ಅದನ್ನು ಕೇಳಿಸಿಕೊಳ್ಳುವವರು ಕಡಮೆಯಾಗಿದ್ದಾರೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಸಹೃದಯ’ ಎಂಬ ಶಬ್ದವುಂಟು. ವರ್ಷವರ್ಷವೂ ಅದನ್ನು ಪಾಠ ಹೇಳುತ್ತ ಬಂದಿದ್ದೇನೆ. ಅದರ ಪೂರ್ತಿ ಅರ್ಥ ಹೊಳೆದದ್ದು ಆ ಹುಡುಗನ ಮಾತಿನಿಂದ. ಕವಿಗೆ ಉತ್ತರ ಬೇಕಿಲ್ಲ, ಸಹೃದಯ ಬೇಕು, ದುಃಖಿತನಿಗೂ ಅಷ್ಟೆ. ಯಂತ್ರ ಕೊಡುವ ಉತ್ತರ ನಾನು ಕೊಡುವುದಕ್ಕಿಂತ ಅಂದವಾಗಿರಬಹುದು. ಆದರೆ ತನ್ನ ದುಃಖದಿಂದ ಇನ್ನೊಬ್ಬರ ಒಂದು ಹೊತ್ತಿನ ಊಟವಾದರೂ ರುಚಿಗೆಟ್ಟಿತೆಂಬ ಅರಿವು ದುಃಖಿತನಿಗೆ ಯಂತ್ರದಿಂದ ಬಾರದು. ‘ಅಮ್ಮನಿಗೆ ಹೇಳಿದರೆ ಅವಳೂ ಅಳುತ್ತಾಳೆ’ ಎಂದು ಹುಡುಗ ಅದನ್ನೊಂದು ಅಡ್ಡಿಯಾಗಿ ಹೇಳಿದ್ದ. ಆ ಮನೆಯಲ್ಲಿ ಇಬ್ಬರೂ ಕೂಡಿ ಅಳಬೇಕಾದದ್ದೇ ಬಾಕಿ ಉಳಿದಿತ್ತೆಂದು ನನಗೆ ತೋರುತ್ತದೆ. ಯಂತ್ರಕ್ಕೆ ಬೇಜಾರಿಲ್ಲವೆಂಬುದು ಅವನು ಕೊಟ್ಟ ಹೊಗಳಿಕೆ. ಬೇಜಾರೇ ಇಲ್ಲದವನ ತಾಳ್ಮೆಗೆ ಬೆಲೆಯೇನು? ಬೇಜಾರನ್ನು ನುಂಗಿಕೊಂಡು ಮೂರನೆಯ ಸಲವೂ ಕೇಳಿದ ಗೆಳೆಯನ ತಾಳ್ಮೆಗಲ್ಲವೆ ಬೆಲೆ?

ಆದರೆ ಆ ಮೂರನೆಯ ಸಲ ಕೇಳುವ ಗೆಳೆಯರು ನಾವಾಗಿದ್ದೇವೆಯೆ? ಯಂತ್ರ ಬಂದು ನಮ್ಮ ಸ್ಥಾನವನ್ನು ಕಸಿದುಕೊಂಡಿತೆನ್ನುವುದು ಸುಳ್ಳು. ಸ್ಥಾನ ಖಾಲಿಯಿತ್ತು, ಅದು ಬಂದು ಕುಳಿತಿತು. ಮನುಷ್ಯರನ್ನೇ ಸಿದ್ಧಪಡಿಸಿ ಆ ಸ್ಥಾನವನ್ನು ತುಂಬುವುದು ಆಗದ ಮಾತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತು ಕೊಟ್ಟು ಮನೋರೋಗಿಗಳನ್ನು ಊರಲ್ಲೇ ನೋಡಿಕೊಳ್ಳುವ ಪ್ರಯೋಗ ಮಾಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಿಂದ ‘ಟೆಲಿ ಮನಸ್’ ಎಂಬ ಸರಕಾರದ ಉಚಿತ ದೂರವಾಣಿ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಆ ಕಡೆಯಿಂದ ಕನ್ನಡದಲ್ಲಿ ಮಾತಾಡುವವರು ಮನುಷ್ಯರು. ದೂರವಾಣಿಯೂ ಯಂತ್ರವೇ ತಾನೆ. ಆದರೆ ಅದರ ಕೊನೆಯಲ್ಲಿ ಒಂದು ಕಿವಿ ಇದೆ. ಈ ಸಂಖ್ಯೆಯನ್ನು ಪ್ರತಿಯೊಂದು ಕಾಲೇಜಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಪ್ರತಿಯೊಂದು ಕಾಲೇಜಿಗೂ ಒಬ್ಬ ಆಪ್ತಸಲಹೆಗಾರರನ್ನು ನೇಮಿಸಬೇಕು. ಯಂತ್ರಗಳನ್ನು ಮಾರುವವರು, ಸಂಕಟದ ಮಾತು ಕಿವಿಗೆ ಬಿದ್ದೊಡನೆ ಮನುಷ್ಯನ ವಿಳಾಸವನ್ನು ಮುಂದಿಡುವಂತೆ ಕಾನೂನು ಕಟ್ಟುಪಾಡು ಹಾಕಬೇಕು. ಅಧ್ಯಾಪಕರು ಮನೋವೈದ್ಯರಲ್ಲ, ಆಗಲೂ ಬಾರದು. ನಾವು ಮಾಡಬಹುದಾದದ್ದು ಕೇಳುವುದು. ಅಗತ್ಯ ಕಂಡಾಗ ವೈದ್ಯರ ಬಾಗಿಲವರೆಗೆ ಜತೆಯಲ್ಲಿ ನಡೆಯುವುದು.

ಆ ಪ್ರಬಂಧ ಓದಿದ ಮುಂದಿನ ವಾರದಿಂದ ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕನ್ನಡ ವಿಭಾಗದ ಕೋಣೆಯಲ್ಲಿ ಬೇರೇನೂ ಕೆಲಸವಿಟ್ಟುಕೊಳ್ಳದೆ ಕುಳಿತಿರುತ್ತೇನೆಂದು ತರಗತಿಗಳಲ್ಲಿ ಹೇಳಿದೆ. ಮೂರು ವಾರ ಯಾರೂ ಬರಲಿಲ್ಲ. ನಾಲ್ಕನೆಯ ವಾರ ಇಬ್ಬರು ಹುಡುಗಿಯರು ಬಂದು ಹಾಜರಾತಿಯ ವಿಷಯ ಕೇಳಿ ಹೋದರು. ಐದನೆಯ ವಾರ ಆ ಹುಡುಗ ಬಂದ. ಅಂಕಗಳ ಮಾತೆತ್ತಿದ, ಅದು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಊರಿನ ಆಲೂಗೆಡ್ಡೆಯ ಬೆಳೆಯ ವಿಚಾರ ಬಂತು. ಬಿತ್ತನೆಗಡ್ಡೆಯನ್ನು ಹೇಗೆ ಆರಿಸಬೇಕು, ರೋಗ ತಗಲಿದ ಎಲೆಯ ಬಣ್ಣ ಹೇಗಿರುತ್ತದೆ, ಅದನ್ನೆಲ್ಲ ತನಗೆ ಯಾರು ಹೇಳಿಕೊಟ್ಟರು ಎಂದು ಹೇಳುತ್ತ ಹೋದ. ಕನ್ನಡದಲ್ಲಿ ಹೇಳಿದ. ನಡುವೆ ಒಂದೆಡೆ ಮಾತು ನಿಂತಿತು. ನಾನು ಕಿಟಕಿಯ ಕಡೆ ನೋಡುತ್ತ ಸುಮ್ಮನಿದ್ದೆ. ಗಂಟೆ ನಾಲ್ಕೂವರೆಯಾಗಿದ್ದುದು ಇಬ್ಬರಿಗೂ ತಿಳಿಯಲಿಲ್ಲ.

ರಾತ್ರಿಯ ಹೊತ್ತು ಮೊಬೈಲಿನೊಡನೆ ಮಾತಾಡುವುದನ್ನು ಅವನು ಬಿಟ್ಟಿದ್ದಾನೆಯೇ ಎಂದು ನಾನು ಕೇಳಿಲ್ಲ. ದಸರೆಯ ರಜೆಯಲ್ಲಿ ಊರಿಗೆ ಹೋದಾಗ ತಾಯಿಯ ಹತ್ತಿರ ಕೂತು ಮಾತಾಡಬೇಕೆಂದು ಮಾತ್ರ ಹೇಳಿದ್ದೇನೆ.